ಕೈ ಎತ್ತಿದ್ದಾಯ್ತು, ಸೋಮವಾರ ಏನು ಮಾಡಬೇಕು?

ಉಪವಾಸ ಕೂಟದ ಕೊನೆಯ ರಾತ್ರಿ ಕೀಬೋರ್ಡ್ ಮೆಲ್ಲಗೆ ನುಡಿಯುತ್ತಿರುತ್ತದೆ, ಪಾಸ್ಟರ್ "ಯಾರು ಒಪ್ಪಿಸಿಕೊಡ್ತೀರಿ, ಕೈ ಎತ್ತಿ" ಅನ್ನುತ್ತಾರೆ, ನಾವೂ ಅಳುತ್ತಾ ಎತ್ತುತ್ತೇವೆ. ನಾನು ಐದಾರು ಸಲ ಎತ್ತಿದ್ದೇನೆ. ಅಷ್ಟೂ ವರ್ಷ ನನ್ನ ಚಿಕ್ಕಪ್ಪನ ಮಗನಿಗೆ ಕೊಡಬೇಕಾದ 18,000 ರೂಪಾಯಿ ಹಾಗೇ ಇತ್ತು. ಮದುವೆ ಮನೆಯಲ್ಲಿ ಅವನು ಕಂಡರೆ ಸುಮ್ನೆ ಊಟದ ಪಂಕ್ತಿ ಕಡೆ ಜಾರಿಕೊಳ್ಳುತ್ತಿದ್ದೆ. ನನ್ನ ಕಣ್ಣೀರು ಸುಳ್ಳಾಗಿರಲಿಲ್ಲ. ಆದರೆ "ನನ್ನದೆಲ್ಲಾ ನಿನ್ನದು ಕರ್ತನೇ" ಅಂದಾಗ ಆ "ಎಲ್ಲಾ"ದೊಳಗೆ ಈ ಸಾಲ ಸೇರಿರಲಿಲ್ಲ.

ಹಾಗಾಗಿ ಮೊದಲು "ಎಲ್ಲಾ" ಅನ್ನೋ ಮಾತು ಬಿಡಿ. ಒಂದೇ ಒಂದನ್ನು ಹೆಸರು ಹಿಡಿದು ಹೇಳಿ. ಒಂದು ಚೀಟಿ ತಗೊಂಡು ಪ್ರಾರ್ಥನೆಯಲ್ಲಿ ಯಾವ ವಿಷಯ ಬಂದ ಕೂಡಲೇ ಬೇರೆ ವಿಷಯಕ್ಕೆ ಹಾರುತ್ತೀರೋ ಅದನ್ನು ಬರೆಯಿರಿ. ಅದು ದುಡ್ಡಿರಬಹುದು, ರಾತ್ರಿ ಹನ್ನೊಂದರ ನಂತರದ ಫೋನ್ ಇರಬಹುದು, ಅತ್ತಿಗೆಯ ಮೇಲಿನ ಹಳೇ ಸಿಟ್ಟಿರಬಹುದು. "ನನ್ನ ಅಹಂಕಾರ" ಅಂತ ಬರೆದರೆ ತಪ್ಪಿಸಿಕೊಂಡ ಹಾಗೇ. ಯಾರ ಹತ್ತಿರ, ಯಾವತ್ತು, ಏನು ಅಂತ ಬರಬೇಕು.

ಲೂಕ 19ರ ಜಕ್ಕಾಯನನ್ನು ನೋಡಿ. ಸಂಡೇ ಸ್ಕೂಲಿನಲ್ಲಿ ಅವನು ಕುಳ್ಳ, ಮರ ಹತ್ತಿದ ಅಂತ ಹೇಳಿ ಮುಗಿಸಿಬಿಡುತ್ತೇವೆ, ಅಲ್ವಾ? ಅವನು ಯೆರಿಕೋವಿನಲ್ಲಿ ಸುಂಕದವರ ಮುಖ್ಯಸ್ಥ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಲೆಕ್ಕ ಹೇಳಿದ. ಆದರೆ ಕ್ರಮ ಗಮನಿಸಿ: ಅವನು ಒಂದು ಕಾಸೂ ಕೊಡುವ ಮೊದಲೇ ಯೇಸು "ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು" ಅಂದಾಗಿತ್ತು. ಆ ದುಡ್ಡು ರಕ್ಷಣೆಗೆ ಕಟ್ಟಿದ ಫೀಸ್ ಅಲ್ಲ. ಮನೆಗೆ ಬಂದವರು ಯಾರು ಅಂತ ಗೊತ್ತಾದ ಮೇಲೆ ಕೈ ತಾನಾಗೇ ಸಡಿಲವಾಯಿತು.

ಆಮೇಲೆ, ಸರಿಪಡಿಸಲು ಆಗುವುದನ್ನು ಹೋಗಿ ಸರಿಪಡಿಸಿ. ಮತ್ತಾಯ 5ರಲ್ಲಿ ಯೇಸು, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂದದ್ದು ಗಲಿಲಾಯದಲ್ಲಿ. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಹಲವು ದಿನಗಳ ನಡಿಗೆ. ಅಷ್ಟು ದೂರ ವಾಪಸ್ ಹೋಗಿ ರಾಜಿಯಾಗಿ ಬಾ ಅಂತ! ನನ್ನ ದಾರಿ ಬರೀ ಹದಿನಾಲ್ಕು ಕಿಲೋಮೀಟರ್. ಒಂದು ಭಾನುವಾರ ಆರಾಧನೆ ಮುಗಿಸಿ ಹೋದೆ. ಅವನ ಹೆಂಡತಿ ಕಾಫಿ ಕೊಟ್ಟಳು. ಲೋಟ ಖಾಲಿಯಾದರೂ ಬಾಯಿ ಬರಲಿಲ್ಲ. ಕೊನೆಗೆ ಲಕೋಟೆಯಲ್ಲಿದ್ದ 3,000 ಟೀಪಾಯಿ ಮೇಲಿಟ್ಟು "ಉಳಿದದ್ದು ತಿಂಗಳಿಗೆ ಇಷ್ಟಿಷ್ಟು ಕೊಡ್ತೀನಿ ಕಣೋ, ತಪ್ಪಾಯ್ತು" ಅಂದೆ. ಅವನು "ಬಿಡೋ, ಈಗ್ಯಾಕೆ" ಅಂದ, ಆದರೆ ಲಕೋಟೆ ಎತ್ತಿಟ್ಟುಕೊಂಡ. ಆರು ತಿಂಗಳು ಹಿಡಿಯಿತು. ಡಿಸೆಂಬರ್‌ನಲ್ಲಿ ಕ್ರಿಸ್ಮಸ್ ಬಟ್ಟೆಯ ನೆಪ ಹೇಳಿ ಒಂದು ಕಂತು ತಪ್ಪಿಸಲು ಮನಸ್ಸು ಮಾಡಿದ್ದೆ, ಹೆಂಡತಿ ಬಿಡಲಿಲ್ಲ.

ಅದಕ್ಕೇ ಒಬ್ಬರಿಗಾದರೂ ಹೇಳಿಡಿ ಅನ್ನುವುದು. ಯಾಕೋಬ 5:16ರಲ್ಲಿ ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಳ್ಳಿ ಅಂತಿದೆ. ಇಡೀ ಸಭೆಗೆ ಸಾಕ್ಷಿ ಹೇಳಬೇಕಾಗಿಲ್ಲ. ಬಾಯಿ ಭದ್ರವಿರುವ ಒಬ್ಬರು ಸಾಕು. ಕ್ಷಮೆ ಕೇಳಲು ಹೋದರೆ ಎದುರಿನವರಿಗೇ ಹೊಸ ನೋವಾಗುತ್ತದೆ ಅನ್ನಿಸಿದರೆ ನುಗ್ಗಬೇಡಿ, ಆ ಒಬ್ಬರ ಹತ್ತಿರ ಮೊದಲು ಕೇಳಿ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಅಮೆರಿಕದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಹನ್ನೆರಡು ಮೆಟ್ಟಿಲುಗಳಲ್ಲೂ ಇದೇ ಎಚ್ಚರಿಕೆ ಇದೆ. ಅಂದಹಾಗೆ, ದಿನಾಲೂ ಜಾಸ್ತಿ ಕುಡಿಯುವವರು ಪ್ರಾರ್ಥನೆ ಮಾಡಿ ಒಂದೇ ಏಟಿಗೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಡಾಕ್ಟರನ್ನು ನೋಡಿ.

ಬಿಟ್ಟ ಜಾಗವನ್ನು ಖಾಲಿ ಇಡಬೇಡಿ. ಲೂಕ 11ರಲ್ಲಿ ಹೊರಟುಹೋದ ದೆವ್ವ, ಗುಡಿಸಿ ಅಲಂಕರಿಸಿದ ಮನೆಗೆ ಇನ್ನೂ ಏಳನ್ನು ಕರ್ಕೊಂಡು ವಾಪಸ್ ಬರುತ್ತದೆ. ಫೋನ್ ಚೀಟಿಯಲ್ಲಿದ್ದರೆ ಅದನ್ನು ರಾತ್ರಿ ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ, ತಲೆದಿಂಬಿನ ಹತ್ತಿರ ಸತ್ಯವೇದ ಇಡಿ. ಒಂದು ಕೀರ್ತನೆ ಓದಿ ಮಲಗಿ. ಇಡೀ ಸತ್ಯವೇದ ಓದುವ ದೊಡ್ಡ ಪ್ಲಾನ್ ಮಾಡಿದವರು ಮೂರನೇ ಪುಸ್ತಕವಾದ ಯಾಜಕಕಾಂಡಕ್ಕೆ ಬಂದು ನಿಂತಿರುವುದನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಅವರಲ್ಲೊಬ್ಬ.

ಇದನ್ನು ಮತ್ತೆ ಮತ್ತೆ ಮಾಡಬೇಕು. ಶಿಲುಬೆ ಹೊರುವ ಮಾತು ಮತ್ತಾಯ, ಮಾರ್ಕ, ಲೂಕ ಮೂವರಲ್ಲೂ ಇದೆ. "ದಿನಾಲೂ" ಅಂತ ಸೇರಿಸಿದವನು ಲೂಕ ಮಾತ್ರ (9:23). ಮೆಥೊಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಒಡಂಬಡಿಕೆಯ ಆರಾಧನೆ, ಅಂದರೆ ದೇವರಿಗೆ ಒಪ್ಪಿಸಿಕೊಡುವ ಮಾತನ್ನು ಎಲ್ಲರೂ ಒಟ್ಟಾಗಿ ಹೇಳುವ ಆರಾಧನೆ, ಶುರು ಮಾಡಿದರು. ಮೆಥೊಡಿಸ್ಟರು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಹೊಸ ವರ್ಷದ ಹೊತ್ತಿಗೆ, ಅದನ್ನು ಮತ್ತೆ ಹೇಳುತ್ತಾರೆ. ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಇದ್ದೇ ಇದೆ. ಹಳೇ ಚೀಟಿ ತೆಗೆದು ಹೊಸದು ಬರೆಯಲು ಅದಕ್ಕಿಂತ ಒಳ್ಳೇ ದಿನ ಬೇಡ.

ಒಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ದೇವರಿಗೆ ಒಪ್ಪಿಸಿಕೊಡುವುದು ಅಂದರೆ ಗಂಡನ ಹೊಡೆತ ತಿಂದುಕೊಂಡಿರುವುದಲ್ಲ, ಬಿ.ಪಿ. ಮಾತ್ರೆ ಬಿಡುವುದಲ್ಲ, ಯಾವುದೋ ಬೋಧಕ ಹೇಳಿದ ಅಂತ ಒಡವೆ ಮಾರಿ ಕೊಡುವುದೂ ಅಲ್ಲ. "ಪ್ರಶ್ನೆ ಕೇಳಬೇಡ, ಒಪ್ಪಿಸಿಬಿಡು" ಅಂತ ಮನುಷ್ಯರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ, ಬರಲಿದ್ದ ಸಂಕಟವನ್ನು ನೆನೆದು, "ಈ ಪಾತ್ರೆ ಬೇಡ" ಅಂತ ಮೊದಲು ಬಾಯಿಬಿಟ್ಟು ಹೇಳಿ ಆಮೇಲೆ "ನಿನ್ನ ಚಿತ್ತದಂತೆ" ಅಂದದ್ದು.

ಬೀಳುತ್ತೀರಿ, ಅದೂ ಗೊತ್ತಿರಲಿ. ಯೇಸು ಯಾರೋ ಗೊತ್ತಿಲ್ಲ ಅಂತ ಮೂರು ಸಲ ಹೇಳಿದ ಪೇತ್ರನಿಗೆ ಯೋಹಾನ 21ರಲ್ಲಿ ಸಿಕ್ಕಿದ್ದು ಕೆಂಡದ ಮೇಲೆ ಸುಟ್ಟ ಮೀನು, ರೊಟ್ಟಿ, ತಿಂದ ಮೇಲೆ ಮೂರು ಪ್ರಶ್ನೆ, ಜೊತೆಗೆ ಕುರಿ ಮೇಯಿಸುವ ಕೆಲಸ. ನೀವು ನಾಲ್ಕು ದಿನ ತಪ್ಪಿದರೆ ಆ ನಾಲ್ಕು ಕೀರ್ತನೆಗಳನ್ನು ಒಟ್ಟಿಗೆ ಓದಿ ಬಾಕಿ ತೀರಿಸಲು ಹೋಗಬೇಡಿ. ಇವತ್ತಿನದು ಓದಿ, ಫೋನನ್ನು ಮತ್ತೆ ಅಡುಗೆಮನೆಗೆ ಒಯ್ದಿಡಿ.