ಎದೆ ಡವಡವ ಅನ್ನುತ್ತೆ, ಮಾತ್ರೆ ನಡೀತಿದೆ, ಲೈಸೆನ್ಸ್ ರಿನ್ಯೂವಲ್ ಬಂತು, ಏನ್ ಮಾಡ್ಬೇಕು?

ಲಾರಿ ತಗೊಂಡು ಶಿರಾಡಿ ಘಾಟಿ ಇಳೀತಿದ್ದಾಗ ನಂಗೆ ಮೊದಲ್ನೇ ಸಲ ಹಂಗಾಗಿದ್ದು. ಹಿಂದೆ ಫುಲ್ ಲೋಡು, ಮುಂದೆ ಟ್ಯಾಂಕರ್, ಇದ್ದಕ್ಕಿದ್ದಂಗೆ ಎದೆ ಡವಡವ ಅಂತ ಹೊಡ್ಕೊಳೋಕೆ ಶುರು, ಅಂಗೈಯೆಲ್ಲ ಬೆವರು, ಸ್ಟೇರಿಂಗ್ ಹಿಡ್ದಿರೋದು ನನ್ ಕೈಯೇ ಅಲ್ವೇನೋ ಅನ್ಸ್ತು. ಸೈಡಿಗೆ ಹಾಕಿ ಕ್ಲೀನರ್ ಹುಡ್ಗನ ಹತ್ರ ನೀರು ಇಸ್ಕೊಂಡು ಕುಡ್ದೆ, ಆಮೇಲೆ ಇಸಿಜಿ ಮಾಡ್ಸಿದ್ರೆ ಎಲ್ಲಾ ನಾರ್ಮಲ್ಲು. ಡಾಕ್ಟ್ರು ಇದು ಪ್ಯಾನಿಕ್ ಕಣಪ್ಪ, ಆಂಗ್ಸೈಟಿ, ಅಂದ್ರೆ ಗಾಬರಿ ಕಾಯಿಲೆ ಅಂದ್ರು. ನಂಗೆ ಕಾಯಿಲೆಗಿಂತ ಜಾಸ್ತಿ ಭಯ ಆಗಿದ್ದು ಲೈಸೆನ್ಸಿಂದು, ಎಲ್ಲಿ ತಲೆ ಸರಿ ಇಲ್ಲ ಅಂತ ಬರ್ದು ಹೊಟ್ಟೆಪಾಡಿಗೆ ಕಲ್ಲು ಹಾಕ್ತಾರೋ ಅಂತ.

ಅದಕ್ಕೇ ಏನ್ ಮಾಡಿದೆ ಗೊತ್ತಾ, ಡಾಕ್ಟ್ರು ಏನ್ ಕೆಲ್ಸ ಅಂದ್ರೆ ‘ವ್ಯಾಪಾರ’ ಅಂದೆ. ನಾನು ಮಾಡಿದ ದೊಡ್ಡ ತಪ್ಪು ಇದೇ. ಅವ್ರು ರಾತ್ರಿಗೆ ಕ್ಲೋನಾಜೆಪಾಮ್ ಅಂತ ಗಾಬರಿ ಇಳಿಸೋ, ನಿದ್ದೆ ತರೋ ಮಾತ್ರೆ ಬರ್ದ್ರು, ನಾನು ಹತ್ತು ಗಂಟೆಗೆ ನುಂಗಿ ನಾಲ್ಕಕ್ಕೆ ಎದ್ದು ಗಾಡಿ ತೆಗ್ದೆ, ಟೋಲ್ ಹತ್ರ ಮುಂದಿನ ಗಾಡಿ ಬ್ರೇಕ್ ಲೈಟು ಕಾಣ್ತಾ ಇದೆ ಆದ್ರೆ ಕಾಲು ಹೋಗ್ತಾ ಇಲ್ಲ. ಒಂದು ಗೇಣಲ್ಲಿ ಉಳ್ಕೊಂಡೆ. ಆ ಮಾತ್ರೆ ಮೈಯಲ್ಲಿ ಅರ್ಧ ಕಮ್ಮಿ ಆಗೋಕೇ 30ರಿಂದ 40 ಗಂಟೆ ಬೇಕು, ಅದೇ ಜಾತಿಯ ಅಲ್ಪ್ರಾಜೋಲಮ್‌ಗಾದ್ರೆ ಸುಮಾರು 11 ಗಂಟೆ. ಒಂದು ನಿದ್ದೆ ಮಾಡಿ ಎದ್ರೆ ಇಳೀತು ಅನ್ನೋಕೆ ಇದೇನು ಎಣ್ಣೆ ಅಲ್ಲ (ಎಣ್ಣೆನೂ ಹಂಗೆ ಇಳಿಯಲ್ಲ, ಅದು ಬೇರೆ ಮಾತು).

ಹಂಗಾಗಿ ಫಸ್ಟು, ಕೂತ ತಕ್ಷಣ ಡಾಕ್ಟ್ರಿಗೆ ಹೇಳಿ: ಲಾರಿ ಓಡ್ಸ್ತೀನಿ ಸಾರ್, ಇಷ್ಟು ಗಂಟೆಗೆ ಹೊರಡ್ತೀನಿ, ವಾರದಲ್ಲಿ ಇಷ್ಟು ರಾತ್ರಿ ಡ್ಯೂಟಿ. ಇದು ಗೊತ್ತಾದ್ರೆ ಮಾತ್ರೆನೇ ಬೇರೆ ಆಗ್ಬೋದು. ಆಂಗ್ಸೈಟಿಗೇ ಕೊಡೋ ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್ ಥರದ ಮಾತ್ರೆಗಳು ಸಾಮಾನ್ಯವಾಗಿ ಅಷ್ಟು ತೂಕಡಿಕೆ ತರಲ್ಲ, ಆದ್ರೆ ಗುಣ ಕಾಣೋಕೆ ಎರಡ್ರಿಂದ ನಾಲ್ಕು ವಾರ, ಕೆಲವ್ರಿಗೆ ಇನ್ನೂ ಜಾಸ್ತಿ ಹಿಡಿಯುತ್ತೆ, ಮೊದಲ್ನೇ ವಾರ ವಾಕರಿಕೆ, ತಲೆ ತಿರುಗೋದು, ನಿದ್ದೆ ಏರುಪೇರು ಇದ್ದಿದ್ದೇ. ಆ ವಾರ ಸ್ಟೇರಿಂಗ್ ಮುಟ್ಬೇಡಿ, ಊರಲ್ಲಿ ಹಬ್ಬನೋ ಗಾಡಿ ಗ್ಯಾರೇಜಲ್ಲೋ ಇರೋ ಟೈಮ್ ನೋಡಿ ಶುರು ಮಾಡಿ, ಡೋಸು ಏರ್ಸಿದಾಗ್ಲೂ ಅಷ್ಟೇ. ಎದೆ ಹೊಡ್ಕೊಳೋದಕ್ಕೆ, ಕೈ ನಡುಕಕ್ಕೆ ಪ್ರೊಪ್ರನೊಲಾಲ್ ಕೊಡ್ತಾರೆ, ಅಸ್ತಮಾ ಇದ್ರೆ ಅದು ಆಗಲ್ಲ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳೋರಿಗೆ ಶುಗರ್ ಇಳಿಯೋ ಸೂಚನೆನೇ ಮುಚ್ಚಿಬಿಡುತ್ತೆ, ಎರಡೂ ಬಾಯ್ಬಿಟ್ಟು ಹೇಳ್ಬೇಕು.

ಇನ್ನೊಂದು, ಧಾಬಾದಲ್ಲಿ ಪಕ್ಕದ ಗಾಡಿಯವನು ‘ಇದ್ ತಗೋ ಗುರು, ಆರಾಮಾಗುತ್ತೆ’ ಅಂತ ಕೊಡೋ ಅಲ್ಪ್ರಾಜೋಲಮ್ ಕೈಯಲ್ಲೂ ಮುಟ್ಬೇಡಿ, ಅದು ಶೆಡ್ಯೂಲ್ ಎಚ್1 ಔಷಧಿ, ಅಂದ್ರೆ ಡಾಕ್ಟ್ರ ಚೀಟಿ ಇಲ್ದೆ ಮಾರೋ ಹಂಗಿಲ್ಲ, ಮೆಡಿಕಲ್ ಶಾಪಿನವ್ರು ಕೊಟ್ಟಿದ್ದನ್ನ ಬೇರೆ ರಿಜಿಸ್ಟರಲ್ಲಿ ಬರ್ದು 3 ವರ್ಷ ಇಟ್ಕೋಬೇಕು ಅಂತ ರೂಲ್ಸ್ ಇದೆ ಅಂದ್ರೆ ಸುಮ್ನೆ ಅಲ್ಲ. ನೆಗಡಿ ಮಾತ್ರೆ, ಅವಿಲ್, ಸೆಟ್ರಿಜಿನ್, ಕೆಮ್ಮಿನ ಸಿರಪ್ಪು, ಇವೂ ನಿದ್ದೆ ತರ್ತವೆ, ಆಂಗ್ಸೈಟಿ ಮಾತ್ರೆ ಜೊತೆ ಸೇರಿದ್ರೆ ಡಬ್ಬಲ್. ಮೇಲೆ ಒಂದು ಕ್ವಾರ್ಟರ್ ಬಿದ್ರಂತೂ ಉಸಿರಿಗೇ ಸಂಚಕಾರ.

ಈಗ ಲೈಸೆನ್ಸ್ ರಿನ್ಯೂವಲ್‌ಗೆ ಮಾಡೋ ಮೆಡಿಕಲ್ ವಿಷ್ಯ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದ್ಮೇಲೆ ಟ್ರಾನ್ಸ್‌ಪೋರ್ಟ್ ಲೈಸೆನ್ಸು 5 ವರ್ಷ, ಅಪಾಯಕಾರಿ ಸರಕು ಹೊಡಿಯೋರಿಗೆ 3 ವರ್ಷ. ಎಂಬಿಬಿಎಸ್ ಡಾಕ್ಟ್ರ ಹತ್ರ ಫಾರ್ಮ್ 1ಎ, ಅಂದ್ರೆ ಮೆಡಿಕಲ್ ಸರ್ಟಿಫಿಕೇಟ್ ಮಾಡ್ಸ್ಬೇಕು. ಕಣ್ಣು, ಕಿವಿ, ಕೆಂಪು-ಹಸಿರು ಗುರುತು, ಕುಡಿತ-ಡ್ರಗ್ಸ್ ಚಟ ಎಲ್ಲಾ ನೋಡ್ತಾರೆ. ಹಾಗಂತ ಆಂಗ್ಸೈಟಿಗೆ ಮಾತ್ರೆ ತಗೋತೀನಿ ಅಂದ ಮಾತ್ರಕ್ಕೆ ಲೈಸೆನ್ಸ್ ಹೋಗಲ್ಲ. ಕಾಯಿಲೆ ಹೆಸರಿಗಿಂತ ಅದ್ರಿಂದ ಓಡ್ಸೋದಕ್ಕೆ ತೊಂದ್ರೆ ಆಗುತ್ತಾ ಅನ್ನೋದು ಮುಖ್ಯ. ನೀವು ಸೈನ್ ಹಾಕೋ ಫಾರ್ಮ್ 1ರಲ್ಲಿ ಮೂರ್ಛೆ ಇದ್ಯಾ, ಇದ್ದಕ್ಕಿದ್ದಂಗೆ ಪ್ರಜ್ಞೆ ತಪ್ಪುತ್ತಾ, ತಲೆ ಸುತ್ತುತ್ತಾ ಅಂತ ಕೇಳ್ತಾರೆ, ಅಲ್ಲಿ ಸುಳ್ಳು ಬರೀಬೇಡಿ, ಸುಳ್ಳು ಹೇಳಿ ಪಡೆದ ಲೈಸೆನ್ಸನ್ನ ಅದೇ ಕಾಯ್ದೆಯ ಸೆಕ್ಷನ್ 19ರಲ್ಲಿ ರದ್ದು ಮಾಡ್ಬೋದು.

ಬಹಳ ಜನ ಮಾಡೋ ತಪ್ಪು ಇಲ್ಲೇ ಇರೋದು: ಮೆಡಿಕಲ್‌ಗೆ ಒಂದು ವಾರ ಮುಂಚೆ ಮಾತ್ರೆ ಬಿಟ್ಬಿಡೋದು, ‘ಕ್ಲೀನ್’ ಆಗಿ ಹೋಗೋಣ ಅಂತ. ಅಲ್ಪ್ರಾಜೋಲಮ್, ಕ್ಲೋನಾಜೆಪಾಮ್ ದಿನಾ ತಗೊಂಡು ಒಮ್ಮೆಲೇ ನಿಲ್ಸಿದ್ರೆ ಗಾಬರಿ ಎರಡರಷ್ಟಾಗಿ ವಾಪಸ್ ಬರುತ್ತೆ, ಕೆಲವ್ರಿಗೆ ಫಿಟ್ಸೇ ಬರುತ್ತೆ. ಅಂದ್ರೆ ಯಾವ ಪ್ರಶ್ನೆಗೆ ‘ಇಲ್ಲ’ ಅಂತ ಬರೀಬೇಕಿತ್ತೋ ಅದನ್ನೇ ಕೈಯಾರೆ ತಂದ್ಕೊಂಡಂಗಾಯ್ತು. ಬಿಡ್ಬೇಕು ಅಂದ್ರೆ ಬರೆದ ಡಾಕ್ಟ್ರನ್ನ ಕೇಳಿ ನಿಧಾನಕ್ಕೆ ಇಳಿಸ್ಬೇಕು, ಆಗ್ಲೂ ಸ್ವಲ್ಪ ದಿನ ಗಾಡಿ ಬೇಡ.

ಮೆಡಿಕಲ್‌ಗೆ ಹೋಗುವಾಗ ಚೀಟಿ, ಸ್ಟ್ರಿಪ್ಪು, ಜೊತೆಗೆ ಮಾನಸಿಕ ತಜ್ಞರ ಹತ್ರ ನಾಲ್ಕು ಸಾಲು ಬರ್ಸ್ಕೊಂಡು ಹೋಗಿ: ಯಾವ ಮಾತ್ರೆ, ಎಷ್ಟು ಪವರ್, ಎಷ್ಟು ತಿಂಗಳಿಂದ ಒಂದೇ ಡೋಸು, ತೂಕಡಿಕೆ ಇಲ್ಲ, ಓಡ್ಸ್ಬೋದು ಅಂತ. ನಂದು ಹಂಗೇ ಆಯ್ತು, ಎರಡು ಪ್ರಶ್ನೆ ಕೇಳಿ ಸೀಲ್ ಒತ್ತಿದ್ರು. ನೋಡದೇನೇ ಸೀಲ್ ಹಾಕ್ಸಿ ಕೊಡೋ ಏಜೆಂಟ್‌ಗಳೂ ಸಿಕ್ತಾರೆ, ಬೇಡ ಬಿಡಿ ಅದು. ಓನರ್‌ಗೆ ಗೊತ್ತಾಗುತ್ತೆ ಅನ್ನೋ ಭಯ ಇದ್ರೆ, ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ಅವ್ರು ಬರೀ ಕೇಳಿದ್ರು ಅಂತ ಡಾಕ್ಟ್ರು ನಿಮ್ ವಿಷ್ಯ ಹೇಳೋ ಹಂಗಿಲ್ಲ.

ಲೈಸೆನ್ಸ್ ಕೈಲಿದೆ ಅಂತ ದಿನಾ ಫಿಟ್ ಅಂತಲ್ಲ. ಓಡ್ಸೋ ಸ್ಥಿತಿ ಇಲ್ಲ ಅಂತ ಗೊತ್ತಿದ್ದೂ ಓಡ್ಸಿದ್ರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 186, ಮೊದಲ್ನೇ ಸಲ 1,000, ಆಮೇಲೆ 2,000 ರೂಪಾಯಿವರೆಗೆ ಫೈನ್. ಫೈನ್ ಬಿಡಿ, ಕಣ್ಣು ಎಳೀತಿದ್ರೆ, ಎರಡು ಕಿಲೋಮೀಟ್ರು ಹೆಂಗ್ ಬಂದೆ ಅಂತ ನೆನಪೇ ಇಲ್ದಿದ್ರೆ ನಿಲ್ಸಿ. ರೋಡಲ್ಲಿ ಗಾಬರಿ ಶುರುವಾದ್ರೆ ಹಜಾರ್ಡ್ ಹಾಕಿ ಎಡಕ್ಕೆ ತಗೊಂಡು ಹ್ಯಾಂಡ್‌ಬ್ರೇಕ್ ಎಳೀರಿ, ಕೆಳಗೆ ಮಾತ್ರ ಇಳಿಬೇಡಿ, ಕೂತಲ್ಲೇ ಉಸಿರು ನಿಧಾನಕ್ಕೆ ಎಳ್ದು ಅದಕ್ಕಿಂತ ನಿಧಾನಕ್ಕೆ ಬಿಡಿ. ಆದ್ರೆ ಎದೆ ನೋವು ಎಡಗೈಗೋ ದವಡೆಗೋ ಹರಡ್ತಿದ್ರೆ, ಅಥ್ವಾ ಮೊದಲ್ನೇ ಸಲ ಹಿಂಗಾಗ್ತಿದ್ರೆ, ಪ್ಯಾನಿಕ್ ಅಂತ ನೀವೇ ತೀರ್ಮಾನ ಮಾಡ್ಬೇಡಿ, 108ಕ್ಕೆ ಫೋನ್ ಮಾಡಿ. ಬರೀ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಯಾವ ಹೊತ್ತಲ್ಲಾದ್ರೂ, ಕನ್ನಡದಲ್ಲೇ, ಫ್ರೀ.

ಮಾತ್ರೆನ ಡ್ಯಾಶ್‌ಬೋರ್ಡ್ ಮೇಲೆ ಇಡ್ಬೇಡಿ, ಬಿಸಿಲಿಗೆ ಕ್ಯಾಬಿನ್ ಕಾದ ಕಾವಲಿ ಆಗುತ್ತೆ, ಔಷಧಿ ಕೆಡುತ್ತೆ. ಬಟ್ಟೆ ಬ್ಯಾಗ್ ಒಳಗಿಡಿ, ಚೀಟಿ ಫೋಟೋ ಮೊಬೈಲಲ್ಲಿರ್ಲಿ, ಟ್ರಿಪ್ ನಾಲ್ಕು ದಿನ ಅಂದ್ರೆ ಆರು ದಿನದ್ದು ತಗೊಂಡ್ ಹೋಗಿ, ಅನ್‌ಲೋಡ್ ಯಾವತ್ತು ಹೇಳಿದ್ ಟೈಮಿಗೆ ಆಗಿದೆ.