ಮೊಣಕಾಲು ನೋವಿನ ಅವ್ವ, ದುಬೈ ಮರೀನಾದ ಧೋ ದೋಣಿ: ನನ್ನ ಅನುಭವ

ದುಬೈಗೆ ಹೋಗಿ ಬಂದವರು ಮೊದಲು ಹೇಳೋದು ಬುರ್ಜ್ ಖಲೀಫಾ, ಆಮೇಲೆ ಮಾಲ್‌ಗಳ ಸುದ್ದಿ. ಎರಡೂ ಕಡೆ ನಡೆಯೋದು ಜಾಸ್ತಿ. ನಮ್ಮ ಅವ್ವನಿಗೆ ಎರಡೂ ಮೊಣಕಾಲು ನೋವು. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದರೂ ನಡುವೆ ಯಾವುದಾದರೂ ಅಂಗಡಿ ಕಟ್ಟೆ ಹುಡುಕಿ ಕೂರುತ್ತಾಳೆ. ಇಂಥವರಿಗೆ ದೊಡ್ಡ ಊರು ತೋರಿಸೋದು ಹೇಗೆ? ಅವರನ್ನು ಒಂದು ಕಡೆ ಆರಾಮಾಗಿ ಕೂರಿಸಿ, ಊರೇ ಅವರ ಮುಂದೆ ಸರಿದು ಹೋಗುವಂತೆ ಮಾಡಬೇಕು. ಊಟ ಕೊಡುತ್ತಾ ನೀರಿನ ಮೇಲೆ ಸುತ್ತಿಸಿ ತರುವ ಸಂಜೆ ಊಟದ ದೋಣಿ, ಅಂದರೆ ಈ ಧೋ, ಮಾಡೋ ಕೆಲಸ ಅದೇ. ವಯಸ್ಸಾದ ತಂದೆ-ತಾಯಿ ಜೊತೆಗಿದ್ದರೆ ದುಬೈನಲ್ಲಿ ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ ಅನ್ನೋದು ನನ್ನ ಮಾತು. ಆದರೆ ಸುಮ್ನೆ ಟಿಕೆಟ್ ತೆಗೆದು ಹತ್ತಿದರೆ ಅರ್ಧ ಮಜಾ ಹೋಗುತ್ತದೆ. ಮೊದಲೇ ನೋಡಿಕೊಳ್ಳಬೇಕಾದ ಸಂಗತಿಗಳಿವೆ.

ನಮ್ಮ ತಮ್ಮ ದುಬೈನ ಕರಾಮಾದಲ್ಲಿ ಇದ್ದಾನೆ. ಅಪ್ಪ, ಅವ್ವ, ನಾನು ಚಳಿಗಾಲದಲ್ಲಿ ಹೋದೆವು. ನವೆಂಬರಿನಿಂದ ಮಾರ್ಚ್ ತನಕ ಅಲ್ಲಿನ ಸಂಜೆ ಹಿತವಾಗಿರುತ್ತದೆ. ಬೇಸಿಗೆಯಲ್ಲಿ ರಾತ್ರಿಯೂ ಮೈ ಬೆವರುವ ಸೆಕೆ, ತೆರೆದ ದೋಣಿಯಲ್ಲಿ ಕೂರೋ ಮಾತೇ ಇಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ವಿಮಾನ. ಟಿಕೆಟ್ ಮಾಡಿಸುವಾಗಲೇ ಅವ್ವನಿಗೆ ಗಾಲಿಕುರ್ಚಿ ಬೇಕು ಅಂತ ಹಾಕಿಸಿದ್ದೆ. ಅದಕ್ಕೆ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಬ್ಯಾಗ್ ಕಟ್ಟುವಾಗಿನ ಎರಡು ವಿಷಯ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆಯವರು ಪರದೇಶಕ್ಕೆ ಹೊರಟರೆ ಕರ್ಜಿಕಾಯಿ, ಉಂಡಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಇಲ್ಲದೆ ಹೊರಡೋದಿಲ್ಲ. ತಪ್ಪಲ್ಲ, ಒಯ್ಯಿರಿ. ಆದರೆ ಗಸಗಸೆ ಬಿದ್ದ ಯಾವ ತಿಂಡಿಯನ್ನೂ ಒಯ್ಯಬೇಡಿ. ಆ ದೇಶದಲ್ಲಿ ಗಸಗಸೆಗೆ ಕಾನೂನಿನ ನಿಷೇಧವಿದೆ. ಕರ್ಜಿಕಾಯಿ ಹೂರಣಕ್ಕೆ ಗಸಗಸೆ ಹಾಕೋ ಮನೆ ಎಷ್ಟೋ ಇವೆ ಅಲ್ವಾ? ನಾನು ನಿಂತು ಬೇರೆ ಹೂರಣ ಮಾಡಿಸಿದೆ. ಎರಡನೆಯದು ನೋವಿನ ಮಾತ್ರೆ. ಟ್ರಾಮಡಾಲ್, ಕೊಡೀನ್ ಇರುವ ಮಾತ್ರೆಗಳಿಗೆ ಅಲ್ಲಿ ಮೊದಲೇ ಅನುಮತಿ ಬೇಕು. ಮೊಣಕಾಲು ನೋವಿಗೆ ನಮ್ಮಲ್ಲಿ ಇವನ್ನು ಬರೆದುಕೊಡೋದುಂಟು. ಡಾಕ್ಟರಿಗೆ ಚೀಟಿ ತೋರಿಸಿ, ಇಂಥದ್ದು ಇದೆಯಾ ಅಂತ ಕೇಳಿ, ಇದ್ದರೆ ಬೇರೆ ಬರೆಸಿಕೊಳ್ಳಿ.

ದುಬೈನಲ್ಲಿ ಊಟದ ದೋಣಿ ಮುಖ್ಯವಾಗಿ ಎರಡು ಕಡೆ ಸಿಗುತ್ತದೆ. ಒಂದು ಹಳೇ ಊರಿನ ಕ್ರೀಕ್. ಸಮುದ್ರ ಊರೊಳಗೆ ಚಾಚಿಕೊಂಡ ನೀರು ಅದು. ಒಂದು ದಂಡೆಗೆ ದೇರಾ, ಇನ್ನೊಂದು ದಂಡೆಗೆ ಬುರ್ ದುಬೈ. ಹೂಳು ತುಂಬಿ ದೊಡ್ಡ ದೋಣಿಗಳು ಬರದಂತಾಗಿದ್ದ ಈ ನೀರನ್ನು 1961ರ ಹೊತ್ತಿಗೆ ಆಳ ಮಾಡಿಸಿದರು. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅಂದರೆ ಎಣ್ಣೆಗೂ ಮೊದಲೇ ಈ ನೀರನ್ನು ನಂಬಿ ವ್ಯಾಪಾರ ಬೆಳೆಸಿದ ಊರು ಅದು. ಈಗಲೂ ಅಲ್ಲಿ ಮರದ ದೋಣಿಗಳಿಗೆ ಸರಕು ಹೇರುತ್ತಾರೆ. ದಂಡೆಯ ಮೇಲೆ ಗಾಳಿಗೋಪುರ ಇರುವ ಹಳೇ ಮನೆಗಳಿವೆ. ಕರೆಂಟು ಇಲ್ಲದ ಕಾಲದಲ್ಲಿ ಮೇಲಿನ ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸಲು ಕಟ್ಟಿದ ಗೋಪುರ ಅವು.

ಇನ್ನೊಂದು ಮರೀನಾ. ಇದು ತೋಡಿ ಮಾಡಿದ ಕಾಲುವೆ, ಸುಮಾರು 3 ಕಿಲೋಮೀಟರ್ ಉದ್ದ. ಎರಡೂ ಬದಿಗೆ ಮುಗಿಲು ಮುಟ್ಟುವ ಕಟ್ಟಡಗಳು. ಅಪ್ಪನ ಮನಸ್ಸು ಕ್ರೀಕ್ ಕಡೆ, ಅವ್ವನದು ಮರೀನಾ ಕಡೆ. "ಹಳೇ ಮನಿ ನೋಡಾಕ ಇಷ್ಟು ದೂರ ಬರಬೇಕೇನ?" ಅಂದಳು. ಅವ್ವನ ಮಾತೇ ನಡೆಯಿತು. ಅಪ್ಪನನ್ನು ಇನ್ನೊಂದು ದಿನ ತಮ್ಮ ಕ್ರೀಕ್‌ಗೆ ಕರೆದುಕೊಂಡು ಹೋಗಿ ಅಬ್ರಾದಲ್ಲಿ ದಾಟಿಸಿದ. ಅಬ್ರಾ ಅಂದರೆ ಜನ ಈ ದಂಡೆಯಿಂದ ಆ ದಂಡೆಗೆ ದಾಟುವ ಚಿಕ್ಕ ದೋಣಿ, ಒಂದು ದಿರ್ಹಮ್ ಕೊಟ್ಟರೆ ಆಯಿತು.

ಈಗ ಹೊತ್ತಿನ ಲೆಕ್ಕ. ನಮ್ಮ ಗಡಿಯಾರಕ್ಕಿಂತ ದುಬೈ ಒಂದೂವರೆ ತಾಸು ಹಿಂದೆ. ಊಟದ ದೋಣಿಗಳು ಹೆಚ್ಚಾಗಿ ರಾತ್ರಿ ಎಂಟರ ಮೇಲೆ ಬಿಡುತ್ತವೆ. ಎಂಟೂವರೆಗೆ ದೋಣಿ ಬಿಟ್ಟರೆ ನಮ್ಮ ಅಪ್ಪ-ಅವ್ವನ ಹೊಟ್ಟೆಗೆ ಅದು ರಾತ್ರಿ ಹತ್ತು! ಹುಬ್ಬಳ್ಳಿಯಲ್ಲಿ ಎಂಟಕ್ಕೆ ಊಟ ಮುಗಿಸಿ ಮಲಗುವ ತಯಾರಿ ಮಾಡುವವರು ಅವರು. ಅಪ್ಪನಿಗೆ ಸಕ್ಕರೆ ಕಾಯಿಲೆ ಬೇರೆ. ಹಾಗಾಗಿ ಅಲ್ಲಿನ ಸಂಜೆ ಆರಕ್ಕೇ ಇಬ್ಬರಿಗೂ ಒಗ್ಗರಣೆ ಅವಲಕ್ಕಿ, ಚಹಾ ಕೊಟ್ಟೆ. ಮಧ್ಯಾಹ್ನ ಒಳ್ಳೆ ನಿದ್ದೆ ಮಾಡಿಸಿದ್ದೆ. ಮಾತ್ರೆ ಯಾವಾಗ ಅನ್ನೋದನ್ನು ಡಾಕ್ಟರ್ ಹತ್ತಿರ ಮೊದಲೇ ಬರೆಸಿಕೊಂಡಿದ್ದೆ. ಹೊಟ್ಟೆ ಹಸಿದು ನಿದ್ದೆ ಎಳೆಯುತ್ತಿದ್ದರೆ ಯಾವ ದೀಪ ಕಂಡರೂ ಏನು ಬಂತು?

ಕರಾಮಾದಿಂದ ಮರೀನಾಕ್ಕೆ ಸಂಜೆ ಹೊತ್ತು ವಿಪರೀತ ಟ್ರಾಫಿಕ್. ಮೆಟ್ರೊ ಇದೆ, ಲಿಫ್ಟೂ ಇವೆ, ಆದರೆ ಸ್ಟೇಶನ್ನಿಂದ ದೋಣಿ ನಿಲ್ಲುವ ಜಾಗಕ್ಕೆ ನಡಿಗೆ ಇರುತ್ತದೆ. ನಾವು ಟ್ಯಾಕ್ಸಿ ಮಾಡಿ, ದೋಣಿ ಹತ್ತುವ ಮೆಟ್ಟಿಲಿನ ಹತ್ತಿರವೇ ಇಳಿದೆವು.

ಟಿಕೆಟ್ ತೆಗೆಯೋ ಮೊದಲು ತಮ್ಮನಿಂದ ಫೋನ್ ಮಾಡಿಸಿ ಕೆಲವು ಪ್ರಶ್ನೆ ಕೇಳಿಸಿದ್ದೆ. ಸಸ್ಯಾಹಾರ ಬೇರೆ ಮೇಜಿನಲ್ಲಿ ಇಡುತ್ತೀರಾ, ಸೌಟು ಬೇರೆ ಇರುತ್ತವಾ? ಮದ್ಯ ಕೊಡುತ್ತೀರಾ? (ಕೊಡುವ ದೋಣಿಗಳೂ ಇವೆ, ಕೊಡದವೂ ಇವೆ.) ದೋಣಿ ಹತ್ತೋಕೆ ಎಷ್ಟು ಮೆಟ್ಟಿಲು, ಮೇಲಿನ ಡೆಕ್‌ಗೆ ಎಷ್ಟು? ಸ್ಪೀಕರ್‌ನಿಂದ ದೂರದ ಮೇಜು ಕೊಡುತ್ತೀರಾ? ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ದೋಣಿ ಕಾಲುವೆಯಲ್ಲೇ ಸುತ್ತಿ ಬರುತ್ತದಾ, ಸಮುದ್ರಕ್ಕೂ ಹೋಗುತ್ತದಾ?

ಈ ಕೊನೆಯ ಪ್ರಶ್ನೆ ಯಾಕೆ ಅಂತ ಹೇಳುತ್ತೇನೆ. ಕಾಲುವೆ ಒಳಗೆ ಇರುವಾಗ ಕಟ್ಟಡಗಳು ಪಕ್ಕದಲ್ಲೇ ಇರುತ್ತವೆ. ಕತ್ತು ಎತ್ತಿದರೆ ಒಂದೊಂದೇ ಕಾಣುತ್ತದೆ. ಎಲ್ಲ ಸೇರಿ ಒಂದು ಸಾಲಾಗಿ, ಒಂದು ಊರಾಗಿ ಕಾಣಬೇಕು ಅಂದರೆ ದೂರ ಹೋಗಲೇಬೇಕು. ಸಮುದ್ರಕ್ಕೆ ಹೋಗದ ದೋಣಿಯಲ್ಲಿ ಅದು ಸಿಗೋದೇ ಇಲ್ಲ.

ಧೋ ಅಂದರೆ ಅರಬ್ಬಿ ಸಮುದ್ರದ ಹಳೇ ಕಾಲದ ಮರದ ಹಾಯಿದೋಣಿ. ಈಗ ಹಾಯಿ ಹೋಗಿ ಎಂಜಿನ್ ಬಂದಿದೆ, ಊಟದ ದೋಣಿಗಳಿಗೆ ಮೈತುಂಬ ದೀಪದ ಸರ. ಎರಡು ಅಂತಸ್ತು. ಕೆಳಗೆ ಗಾಜಿನ ಕಿಟಕಿ, ಎಸಿ. ಮೇಲೆ ತೆರೆದ ಡೆಕ್. ನಮ್ಮ ದೋಣಿಯಲ್ಲಿ ಬಫೆ ಕೆಳಗಿತ್ತು. ಎರಡರ ನಡುವೆ ಕಡಿದಾದ ಮರದ ಮೆಟ್ಟಿಲು.

ಮೊಣಕಾಲು ನೋವಿನವರನ್ನು ಕೆಳಗೇ ಕೂರಿಸೋಣ, ಊಟ ಹತ್ತಿರ, ಬಾತ್‌ರೂಮ್ ಹತ್ತಿರ ಅಂತ ಯಾರಿಗಾದರೂ ಅನಿಸುತ್ತದೆ. ಅಲ್ಲಿನ ಹುಡುಗ ಕೂಡ ಹಾಗೇ ಹೇಳಿದ. ನಾನು ಒಂದು ನಿಮಿಷ ಕೆಳಗಿನ ಕಿಟಕಿ ಪಕ್ಕ ಕೂತು ನೋಡಿದೆ. ಕಾಣಿಸಿದ್ದು ಎದುರಿನ ಹೋಟೆಲಿನ ಕುರ್ಚಿಗಳು, ನಡೆದಾಡುವ ಜನರ ಕಾಲು. ಕಟ್ಟಡದ ತುದಿ ಕಾಣೋದೇ ಇಲ್ಲ. ಗಾಜಿನ ಮೇಲೆ ಒಳಗಿನ ದೀಪದ ಪ್ರತಿಬಿಂಬ ಬೇರೆ. ಹೀಗೆ ಕೂರೋಕೆ ದುಬೈ ಯಾಕೆ? "ಅವ್ವಾ, ಒಂದ್ ಸಲ ಹತ್ತಿದರ ಸಾಕು, ಇಳಿಯೂ ಮುಂದ ಇಳದರಾತು" ಅಂದೆ. ದೋಣಿ ಇನ್ನೂ ಕಟ್ಟಿದ್ದಾಗಲೇ, ಅಲುಗಾಟ ಇಲ್ಲದಾಗಲೇ, ಹತ್ತಿಸಿದೆವು. ಮುಂದೆ ತಮ್ಮ, ಹಿಂದೆ ನಾನು. ಒಳ್ಳೆಯ ಕಾಲು ಮೊದಲು ಮೇಲಿನ ಮೆಟ್ಟಿಲಿಗೆ, ನೋವಿನ ಕಾಲು ಆಮೇಲೆ. ಇಳಿಯುವಾಗ ಇದರ ಉಲ್ಟಾ, ನೋವಿನ ಕಾಲು ಮೊದಲು. ಇದು ಅವ್ವನಿಗೆ ಹುಬ್ಬಳ್ಳಿಯ ಫಿಸಿಯೊಥೆರಪಿ ಹುಡುಗಿ ಕಲಿಸಿದ್ದು. ಎರಡೂ ಕಾಲು ನೋವಾದ್ದರಿಂದ ಅವತ್ತು ಕಡಿಮೆ ನೋವಿದ್ದದ್ದೇ ಒಳ್ಳೆಯ ಕಾಲು.

ಮೇಲೆ ಹಿಂಭಾಗದ ಕಡೆ, ಕಟಾಂಜನದ ಪಕ್ಕದ ಮೇಜು ಕೇಳಿ ತೆಗೆದುಕೊಂಡೆವು. ಮುಂಭಾಗದಲ್ಲಿ ಗಾಳಿ ಜಾಸ್ತಿ. ಹಿಂದೆ ಕೂತರೆ ಎರಡೂ ದಂಡೆ ಕಾಣುತ್ತವೆ, ದಾಟಿ ಬಂದ ಕಟ್ಟಡಗಳೂ ತುಂಬಾ ಹೊತ್ತು ಕಣ್ಣೆದುರು ಇರುತ್ತವೆ. ಅಲುಗಿದರೆ ಹೊಟ್ಟೆ ತೊಳಸುವವರು ಮಾತ್ರ ದೋಣಿಯ ನಡುವೆ, ಕೆಳಗೆ ಕೂರಬೇಕು. ಅಲ್ಲಿ ಅಲುಗಾಟ ಕಡಿಮೆ. ಅವ್ವನಿಗೆ ಶಾಲು, ಅಪ್ಪನಿಗೆ ಕಿವಿಮುಚ್ಚೋ ಟೋಪಿ ಒಯ್ದಿದ್ದೆ. ಎರಡೂ ಉಪಯೋಗಕ್ಕೆ ಬಂದವು.

ಕಟ್ಟಿದ ಹಗ್ಗ ಬಿಚ್ಚೋದಕ್ಕೂ ಮೊದಲೇ ಖರ್ಜೂರ, ಅರಬ್ಬಿ ಕಾಫಿ ಬಂತು. ಈ ಕಾಫಿಗೆ ಹಾಲಿಲ್ಲ, ಸಕ್ಕರೆ ಇಲ್ಲ, ಏಲಕ್ಕಿ ಪರಿಮಳ. ಖರ್ಜೂರ ಕಚ್ಚಿ ಒಂದು ಗುಟುಕು ಕುಡಿಯಬೇಕು. ಅವ್ವ ಖರ್ಜೂರ ತಿಂದು ಕಾಫಿ ನನಗೆ ದಾಟಿಸಿದಳು. ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅನ್ನ, ದಾಲ್, ಪನೀರು, ಹಮ್ಮುಸ್, ಫಲಾಫೆಲ್, ಸಲಾಡ್, ರೊಟ್ಟಿ ಸಿಕ್ಕವು. ಹಮ್ಮುಸ್ ಅಂದರೆ ಬೇಯಿಸಿದ ಕಾಬೂಲಿ ಕಡಲೆ, ಎಳ್ಳು, ನಿಂಬೆರಸ ಹಾಕಿ ರುಬ್ಬಿದ್ದು. ಅಪ್ಪನಿಗೆ ಇಷ್ಟವಾಯಿತು. ಸಸ್ಯಾಹಾರಿಗಳಿಗೆ ಹೊಟ್ಟೆ ತುಂಬುತ್ತದೆ. ಬಫೆ ತೆರೆದ ಕೂಡಲೇ ನಾನು, ತಮ್ಮ ಇಬ್ಬರೂ ಕೆಳಗೆ ಹೋಗಿ ನಾಲ್ಕು ತಾಟು ಮೇಲೆ ತಂದೆವು. ಮೊದಲೇ ಊಟ ಮುಗಿಸಿಬಿಡಬೇಕು ಅನ್ನೋದು ನನ್ನ ಹಠವಾಗಿತ್ತು. ದೋಣಿ ಸಮುದ್ರ ಮುಟ್ಟುವ ಹೊತ್ತಿಗೆ ಎಷ್ಟೋ ಜನ ಕೆಳಗೆ ತಾಟು ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ದುಡ್ಡು ಕೊಟ್ಟು ಬಂದಿದ್ದು ಯಾವುದಕ್ಕೋ ಅದನ್ನೇ ಬಿಟ್ಟುಬಿಡುತ್ತಾರೆ.

ದೋಣಿ ನಿಧಾನ. ಕಾಲುವೆಯಲ್ಲಿ ಅಲುಗಾಟವೇ ಇಲ್ಲ. ಮೊದಲು ಅವ್ವನ ಕಣ್ಣಿಗೆ ಬಿದ್ದದ್ದು ಕಯಾನ್ ಟವರ್. 306 ಮೀಟರ್ ಎತ್ತರ, 2013ರಲ್ಲಿ ತೆರೆದದ್ದು. ಬುಡದಿಂದ ತುದಿಗೆ ಹೋಗುವಷ್ಟರಲ್ಲಿ ಕಟ್ಟಡ ಪೂರ್ತಿ 90 ಡಿಗ್ರಿ ತಿರುಗಿಬಿಟ್ಟಿದೆ. ಪ್ರತಿ ಅಂತಸ್ತನ್ನೂ ಕೆಳಗಿನ ಅಂತಸ್ತಿಗಿಂತ ಚೂರು ಚೂರೇ ತಿರುಗಿಸಿ ಕಟ್ಟಿದ್ದಾರೆ. ಅವ್ವ ಕೈಯಲ್ಲಿನ ಚಮಚ ಹಾಗೇ ಹಿಡಿದು ನೋಡಿದಳು. "ಹಿಂಡಿದ ಸೀರಿ ಇದ್ದಂಗ ಐತಿ ನೋಡ" ಅಂದಳು. ಇದಕ್ಕಿಂತ ಸರಿಯಾಗಿ ಆ ಕಟ್ಟಡವನ್ನು ವರ್ಣಿಸಿದ್ದನ್ನು ನಾನು ಕೇಳಿಲ್ಲ.

ಆಮೇಲೆ ಒಂದಾದ ಮೇಲೊಂದು. ನೆತ್ತಿಯ ಮೇಲೆ ಗುಮ್ಮಟ ಹೊತ್ತ ಪ್ರಿನ್ಸೆಸ್ ಟವರ್ 413 ಮೀಟರ್. ಸೇತುವೆ ಅಡಿಗೆ ಹೋಗುವಾಗ ಮೇಲೆ ಕಾರು ಹೋಗುವ ಸದ್ದು ಎದೆಗೆ ಬಡಿದಂತೆ ಕೇಳುತ್ತದೆ. ಮನೆಗಳ ಕಿಟಕಿಯಲ್ಲಿ ಟಿವಿ ಬೆಳಕು, ಬಾಲ್ಕನಿಯಲ್ಲಿ ಒಣಗಲು ಹಾಕಿದ ಬಟ್ಟೆ. ಅಷ್ಟು ಎತ್ತರದಲ್ಲೂ ಜನ ಸಂಸಾರ ಮಾಡುತ್ತಾರಲ್ಲ ಅಂತ ಅವ್ವನಿಗೆ ಅದೇ ದೊಡ್ಡ ಅಚ್ಚರಿ.

ಕಾಲುವೆಯ ಬಾಯಿ ದಾಟಿದ ಕೂಡಲೇ ಗಾಳಿ ಬದಲಾಯಿತು, ದೋಣಿ ಸ್ವಲ್ಪ ತೂಗಾಡಿತು. ಒಂದು ಕಡೆ ಐನ್ ದುಬೈ ಅನ್ನೋ ದೊಡ್ಡ ಚಕ್ರ, 250 ಮೀಟರ್ ಎತ್ತರ. ನಮ್ಮ ಜಾತ್ರೆಯ ತೊಟ್ಟಿಲಿನ ಜಾತಿಯದೇ. ಎತ್ತರದಲ್ಲಿ ಮಾತ್ರ ಜಗತ್ತಿನಲ್ಲಿ ಇದೇ ದೊಡ್ಡದು. ದೋಣಿ ತಿರುಗುವಾಗ ಹಿಂದಿನ ಡೆಕ್‌ನಿಂದ ಇಡೀ ಸಾಲು ಒಟ್ಟಿಗೆ ಕಂಡಿತು. ಪಕ್ಕದಲ್ಲಿದ್ದಾಗ ಗೋಡೆಯಂತೆ ಕವಿದಿದ್ದ ಕಟ್ಟಡಗಳು ಈಗ ಎತ್ತರ, ಗಿಡ್ಡ, ತೆಳ್ಳಗೆ, ದಪ್ಪ ಅಂತ ಬೇರೆ ಬೇರೆಯಾಗಿ ಗೊತ್ತಾದವು. ಕೆಳಗೆ ಕಪ್ಪು ನೀರಲ್ಲಿ ಅವುಗಳ ಬೆಳಕು ಉದ್ದುದ್ದ ಎಳೆದಂತೆ. ನಾಲ್ವರೂ ಒಂದೇ ಕಡೆ ಮುಖ ಮಾಡಿ ಕೂತಿದ್ದೆವು. ಅವ್ವ ಎದ್ದು ನಿಲ್ಲಬೇಕಾಗಿಯೇ ಬರಲಿಲ್ಲ. ನನಗೆ ಬೇಕಾಗಿದ್ದದ್ದು ಇದೇ.

ಫೋಟೊ ತೆಗೆಯುವವರಿಗೆ ಒಂದು ಮಾತು. ಕಟಾಂಜನಕ್ಕೆ ಮೊಳಕೈ ಊರಬೇಡಿ, ಎಂಜಿನ್ ನಡುಕ ಅದಕ್ಕೂ ಬಂದಿರುತ್ತದೆ. ಮೊಳಕೈ ಎರಡನ್ನೂ ಪಕ್ಕೆಗೆ ಒತ್ತಿ ಹಿಡಿಯಿರಿ. ಫೋನಿನಲ್ಲಿ ದೀಪದ ಕಟ್ಟಡದ ಮೇಲೆ ಬೆರಳು ಒತ್ತಿ ಬೆಳಕು ಸ್ವಲ್ಪ ಇಳಿಸಿ, ಆಗ ಕಿಟಕಿ ಕಿಟಕಿ ಬೇರೆಯಾಗಿ ಬರುತ್ತವೆ. ಫ್ಲಾಶ್ ಬೇಡ. ದೋಣಿ ಚಲಿಸುವಾಗ ಫೋಟೊಗಿಂತ ವಿಡಿಯೊ ಚೆನ್ನಾಗಿ ಬರುತ್ತದೆ. ಹತ್ತು ತೆಗೆದಾದ ಮೇಲೆ ಫೋನ್ ಜೇಬಿಗೆ ಹಾಕಿ.

ವಾಪಸ್ ಬರುವಾಗ ತನೂರಾ ಕುಣಿತ. ಈಜಿಪ್ಟಿನ ಕಡೆಯದು, ಮೂಲ ಸೂಫಿಗಳದು. ದೀಪ ಹಚ್ಚಿದ ದೊಡ್ಡ ಲಂಗದಂಥ ಬಟ್ಟೆ ಉಟ್ಟು ಒಬ್ಬನೇ ಗರಗರ ತಿರುಗುತ್ತಾನೆ. ನೋಡಬೇಕಾದ್ದೇ. ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು.

ಅಪ್ಪ ಮಾತ್ರ ಅತ್ತ ತಿರುಗಲೇ ಇಲ್ಲ. ಹುಬ್ಬಳ್ಳಿಯಲ್ಲಿ ಜೀವಮಾನವೆಲ್ಲ ಬಡಿಗತನ ಮಾಡಿದವರು. ದಾಂಡೇಲಿ, ಹಳಿಯಾಳದ ಮರ ಕೈಯಲ್ಲಿ ಆಡಿಸಿದವರು. ದೋಣಿಯ ಪಕ್ಕದ ಹಲಗೆ ಮೇಲೆ ಹೆಬ್ಬೆರಳು ಎಳೆಯುತ್ತಾ, ಎರಡು ಹಲಗೆ ಕೂಡುವ ಸಂದಿ ಹುಡುಕುತ್ತಿದ್ದರು. "ಇದು ಸಾಗವಾನಿನ. ಸಂದಿನ್ಯಾಗ ಏನೋ ತುಂಬ್ಯಾರ" ಅಂದರು. ಕೆಲಸದ ಹುಡುಗ ಕೇರಳದವನು. ತಮ್ಮ ಅವನನ್ನು ಕರೆದು ಹಿಂದಿಯಲ್ಲಿ ಕೇಳಿದ. ನೀರು ಒಳಗೆ ಬರದಂತೆ ಹಲಗೆ ಸಂದಿಗೆ ಎಣ್ಣೆಯಲ್ಲಿ ತೋಯಿಸಿದ ಹತ್ತಿ ಬಡಿದು ತುಂಬುತ್ತಾರೆ, ನಮ್ಮ ಕಡೆ ಬೇಪೂರಿನಲ್ಲಿ ಈಗಲೂ ಇಂಥ ದೋಣಿ ಕಟ್ಟಿ ಗಲ್ಫ್‌ಗೆ ಕಳಿಸುತ್ತಾರೆ ಅಂದ. ಅಲ್ಲಿ ಇದಕ್ಕೆ ಉರು ಅಂತಾರಂತೆ. ಅಪ್ಪ ಅವನನ್ನು ಬಿಡಲಿಲ್ಲ. ಯಾವ ಮರ, ಎಷ್ಟು ದಪ್ಪ, ಬಾಗಿಸೋದು ಹೇಗೆ ಅಂತ ಕೇಳಿದ್ದೇ ಕೇಳಿದ್ದು.

ದೋಣಿ ನಿಂತಾಗ ಎಲ್ಲರೂ ಒಮ್ಮೆಲೇ ಮೆಟ್ಟಿಲಿಗೆ ನುಗ್ಗುತ್ತಾರೆ. ನಾವು ಕೂತೇ ಇದ್ದೆವು. ಡೆಕ್ ಖಾಲಿಯಾದ ಮೇಲೆ ಅವ್ವನನ್ನು ನಿಧಾನ ಇಳಿಸಿದೆವು. ದಂಡೆಗೂ ದೋಣಿಗೂ ನಡುವಿನ ಹಲಗೆ ದಾಟುವಾಗ ಮಾತ್ರ ಕೈ ಗಟ್ಟಿ ಹಿಡಿಯಬೇಕು. ಟ್ಯಾಕ್ಸಿಗೆ ಆ ಹೊತ್ತಿನಲ್ಲಿ ಸಾಲು ಇರುತ್ತದೆ, ತಮ್ಮ ಮೊದಲೇ ಇಳಿದು ಹೋಗಿ ನಿಲ್ಲಿಸಿಕೊಂಡಿದ್ದ.

ಈಗ ಅಪ್ಪನಿಗೆ ಬೇಪೂರಿಗೆ ಹೋಗಬೇಕಂತೆ, ದೋಣಿ ಕಟ್ಟೋದನ್ನು ಕಣ್ಣಾರೆ ನೋಡಬೇಕಂತೆ. ಮಂಗಳೂರಿನಿಂದ ಕಲ್ಲಿಕೋಟೆಗೆ ರೈಲು ಇದೆ, ಅಲ್ಲಿಂದ ಬೇಪೂರು ಹತ್ತಿರ. ಮಳೆಗಾಲ ಮುಗಿದ ಮೇಲೆ ಹೊರಡೋದು ಅಂತ ಮಾತಾಗಿದೆ. ಅಲ್ಲಿಗೆ ಹೋಗಿ ಬಂದವರು ಯಾರಾದರೂ ಇದ್ದರೆ, ಕೆಲಸ ನಡೆಯೋ ಜಾಗದ ತನಕ ಗಾಡಿ ಹೋಗುತ್ತದಾ ತಿಳಿಸಿ. ಅವ್ವನೂ ಬರುತ್ತೇನೆ ಅಂದಿದ್ದಾಳೆ.