ಹಿರಿಯರ ಕೈಯಿಂದ ಕೆಲಸ ಕಸಿಯುವ ಮುನ್ನ

ಮಂಡಿನೋವು ಹೆಚ್ಚಾದಾಗ, ಒಮ್ಮೆ ಜಾರಿ ಬಿದ್ದಾಗ, ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಮನೆಗೆ ಬಂದಾಗ ಹಿರಿಯರು ಮಕ್ಕಳಿಂದ ಮೊದಲು ಕೇಳುವ ಮಾತು ಒಂದೇ: “ನೀನು ಸುಮ್ಮನೆ ಕುಳಿತುಕೊಳ್ಳಮ್ಮ, ಎಲ್ಲ ನಾವು ನೋಡಿಕೊಳ್ಳುತ್ತೇವೆ.” ಪ್ರೀತಿಯ ಮಾತೇ, ಅನುಮಾನವಿಲ್ಲ. ಆದರೆ ತಿಂಗಳುಗಟ್ಟಲೆ ಹೀಗೆ ಕೂತವರ ತೊಡೆಯ ಸ್ನಾಯು ಸೊರಗುತ್ತದೆ, ಕುರ್ಚಿಯಿಂದ ಏಳುವುದೇ ಸಾಹಸವಾಗುತ್ತದೆ, ಬೀಳುವ ಭಯ ಇನ್ನಷ್ಟು ಬೆಳೆಯುತ್ತದೆ.

ಆಕ್ಯುಪೇಷನಲ್ ಥೆರಪಿಸ್ಟ್ ಹಿಡಿಯುವ ದಾರಿ ಬೇರೆ. ಕೆಲಸವನ್ನು ಹಿರಿಯರ ಬಳಿಯೇ ಬಿಟ್ಟು, ಅದನ್ನು ಮಾಡುವ ಕ್ರಮವನ್ನೂ ಮಾಡುವ ಜಾಗವನ್ನೂ ಬದಲಿಸುತ್ತಾರೆ. ಫಿಸಿಯೋಥೆರಪಿಸ್ಟ್ ಮಂಡಿಗೆ ಬಲ ತುಂಬಿದರೆ, ಆ ಮಂಡಿ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಸ್ನಾನ ಮುಗಿಸಿ ಬರುವುದು ಹೇಗೆಂದು ಇವರು ಹೇಳಿಕೊಡುತ್ತಾರೆ. ಇದರಲ್ಲಿ ಸಾಕಷ್ಟನ್ನು ಮನೆಯವರೇ ಶುರು ಮಾಡಬಹುದು.

ಮೊದಲು ಕೇಳಿ

ಯಾವ ಕೆಲಸ ಕೈಬಿಟ್ಟುಹೋದದ್ದಕ್ಕೆ ಹೆಚ್ಚು ಬೇಸರವಾಗಿದೆ ಎಂದು ಹಿರಿಯರನ್ನೇ ಕೇಳಿ. ಉತ್ತರ ನೀವು ಊಹಿಸಿದ್ದಾಗಿರುವುದಿಲ್ಲ. ಮಗ ಸ್ನಾನದ ಚಿಂತೆಯಲ್ಲಿದ್ದರೆ, ಅಮ್ಮನಿಗೆ ಬೆಳಿಗ್ಗೆ ಅಂಗಳಕ್ಕಿಳಿದು ದೇವರಿಗೆ ಹೂ ಕೊಯ್ಯಲಾಗುತ್ತಿಲ್ಲವೆಂಬ ಕೊರಗು. ಅಪ್ಪನಿಗೆ ಬೀದಿ ಕೊನೆಯ ಹೋಟೆಲಿನಲ್ಲಿ ಪೇಪರ್ ಓದುತ್ತಾ ಕಾಫಿ ಕುಡಿಯುವುದು ತಪ್ಪಿತಲ್ಲ ಎಂಬ ಚಿಂತೆ. ಅಂಥ ನಾಲ್ಕೈದು ಕೆಲಸ ಬರೆದುಕೊಳ್ಳಿ. ಪ್ರತಿಯೊಂದೂ ಎಷ್ಟು ಮುಖ್ಯ, ಈಗ ಎಷ್ಟರಮಟ್ಟಿಗೆ ಮಾಡಲಾಗುತ್ತಿದೆ, ಎಷ್ಟು ತೃಪ್ತಿ ಇದೆ ಎಂದು ಹತ್ತಕ್ಕೆ ಅಂಕ ಕೊಡಿಸಿ. ಕೆನಡಾದಲ್ಲಿ ರೂಪುಗೊಂಡು ಥೆರಪಿಸ್ಟರು ಬಳಸುತ್ತಾ ಬಂದಿರುವ ಅಳತೆಗೋಲೊಂದರ ಸರಳ ರೂಪ ಇದು. ಕೆಲವು ವಾರಗಳ ನಂತರ ಮತ್ತೆ ಅಂಕ ಹಾಕಿಸಿದರೆ ಬದಲಾವಣೆ ಗೊತ್ತಾಗುತ್ತದೆ.

ಇಷ್ಟೊಂದು ವೈಯಕ್ತಿಕವಾಗಿ ಕೇಳಬೇಕೇ, ವೃದ್ಧರ ಕೂಟಕ್ಕೆ ಕಳಿಸಿದರೆ ಸಾಲದೇ? ಲಾಸ್ ಏಂಜಲೀಸ್‌ನಲ್ಲಿ 60 ದಾಟಿದ 361 ಮಂದಿಯ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಪರೀಕ್ಷಿಸಿತ್ತು. ಒಂದು ಗುಂಪಿಗೆ ಒಂಬತ್ತು ತಿಂಗಳು ಆಕ್ಯುಪೇಷನಲ್ ಥೆರಪಿ, ಇನ್ನೊಂದಕ್ಕೆ ಬರೀ ಕೂಟ, ಚಟುವಟಿಕೆ. ಮೂರನೆಯದಕ್ಕೆ ಏನೂ ಇಲ್ಲ. ಥೆರಪಿ ಪಡೆದವರ ಆರೋಗ್ಯ, ಓಡಾಟ, ಬದುಕಿನ ತೃಪ್ತಿ ಉಳಿದವರಿಗಿಂತ ಮೇಲಿದ್ದವು. ಕೂಟಕ್ಕೆ ಹೋದವರಿಗೂ ಏನೂ ಪಡೆಯದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆಮೇಲೆ ನೋಡಿ

ಸಹಾಯಕ್ಕೆ ಧಾವಿಸದೆ, ಬೀಳದಂತೆ ಹತ್ತಿರ ನಿಂತು ನೋಡಿ. ಏಳುವಾಗ ಕೈ ಎಲ್ಲಿಗೆ ಹೋಗುತ್ತದೆ? ಟವೆಲ್ ಕಂಬಿಗೋ, ನಲ್ಲಿಗೋ, ಬಾಗಿಲ ಚಿಲಕಕ್ಕೋ? ಆಧಾರ ಬೇಕಿರುವುದು ಅಲ್ಲಿ. ಮೈ ನಡುಗಿ ಚಲನೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇರುವವರಾದರೆ ಮಾತ್ರೆ ಕೆಲಸ ಮಾಡುವ ಹೊತ್ತನ್ನೂ ಗಮನಿಸಿ, ಸ್ನಾನವನ್ನು ಆ ಹೊತ್ತಿಗೇ ಇಟ್ಟುಕೊಳ್ಳಿ.

ಬಚ್ಚಲಿನಿಂದ ಶುರು ಮಾಡಿ

ಹಣ, ಸಮಯ ಎರಡೂ ಕಡಿಮೆಯಿದ್ದರೆ ಇದೊಂದನ್ನಾದರೂ ಮಾಡಿ. ನುಣುಪು ಟೈಲ್ಸ್, ಅದರ ಮೇಲೆ ಸೋಪಿನ ನೀರು, ಹಬ್ಬದ ದಿನವಾದರೆ ಎಣ್ಣೆಸ್ನಾನದ ಜಿಡ್ಡು ಬೇರೆ. ಜಾರದ ಚಾಪೆ ಹಾಸಿ. ಎಣ್ಣೆ ಹಚ್ಚುವುದನ್ನು ಹೊರಗೆ ಕುರ್ಚಿಯ ಮೇಲೆ ಕೂರಿಸಿ ಮುಗಿಸಿ, ಅಂಗಾಲನ್ನು ಒರೆಸಿಯೇ ಒಳಗೆ ಕಳಿಸಿ. ನಿಂತು ಸ್ನಾನ ಮಾಡುವ ಹಟ ಬೇಡ: ಕಾಲುಗಳಿಗೆ ರಬ್ಬರ್ ಇರುವ ಗಟ್ಟಿ ಸ್ಟೂಲ್, ಕೂತಲ್ಲಿಂದಲೇ ಕೈಗೆಟುಕುವ ಬಕೆಟ್ ಸಾಕು. ಅಂಗಡಿಯವರು ಗ್ರ್ಯಾಬ್ ಬಾರ್ ಎನ್ನುವ ಉಕ್ಕಿನ ಹಿಡಿಕೆಯನ್ನು ಗೋಡೆ ಕೊರೆದು ಬಿಗಿಸಬೇಕು. ಗಾಳಿಯ ಒತ್ತಡದಿಂದ ಅಂಟಿಕೊಳ್ಳುವ ಹಿಡಿಕೆಯನ್ನು ನಂಬಿ ಮೈಭಾರ ಬಿಡಬಾರದು.

ಕಮೋಡಿನ ಮೇಲೆ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಸೊಂಟ ಮಂಡಿಗಿಂತ ತುಸು ಎತ್ತರದಲ್ಲಿರಬೇಕು. ಮನೆಯಲ್ಲಿ ಇರುವುದು ಕುಕ್ಕರುಗಾಲಿನ ಶೌಚಾಲಯವೇ ಆದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಬಾಗಿಲಿನ ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಮಂದ ದೀಪ ಇರಲಿ, ದಾರಿಯಲ್ಲಿ ಸರಿದಾಡುವ ಕಾಲೊರಸು ಇರಬಾರದು. ಎದ್ದ ತಕ್ಷಣ ನಡೆಯದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರುವುದು ಅಭ್ಯಾಸವಾಗಲಿ. ರಕ್ತದೊತ್ತಡ ಕುಸಿದು ತಲೆ ತಿರುಗುವುದು ಆ ಗಳಿಗೆಯಲ್ಲೇ.

ಇನ್ನು ಹೊಸ್ತಿಲು. ತೆಗೆಸಿಬಿಡಿ ಎಂದರೆ ದಿನಾ ಅದಕ್ಕೆ ಅರಿಸಿನ ಕುಂಕುಮ ಇಡುವವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅಂಚಿಗೆ ಎದ್ದು ಕಾಣುವ ಬಣ್ಣ ಬಳಿದು, ಪಕ್ಕದ ಚೌಕಟ್ಟಿಗೆ ಒಂದು ಹಿಡಿಕೆ ಬಿಗಿಸಿ, ತೊಳೆದ ನೀರು ಒಣಗುವವರೆಗೆ ಯಾರೂ ದಾಟದಂತೆ ನೋಡಿಕೊಂಡರೆ ಆಯಿತು.

ಅಡುಗೆಮನೆ, ಬಟ್ಟೆ, ಊರುಗೋಲು

ಈಳಿಗೆಮಣೆ ಬಿಟ್ಟು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ತರಕಾರಿ ಹೆಚ್ಚಲಿ. ಸಂಧಿವಾತದ ಬೆರಳುಗಳಿಗೆ ಚಮಚ, ಚಾಕುಗಳ ಹಿಡಿಯನ್ನು ಬಟ್ಟೆ ಸುತ್ತಿ ದಪ್ಪ ಮಾಡಿ. ಕುಕ್ಕರನ್ನು ಎರಡೂ ಕೈಯಲ್ಲಿ ಎತ್ತುವುದು, ಚೀಲವನ್ನು ಬೆರಳಿಗೆ ಬದಲು ಮುಂಗೈಗೆ ನೇತುಹಾಕುವುದು ಕೀಲುಗಳನ್ನು ಕಾಯುತ್ತದೆ. ದೃಷ್ಟಿ ಮಂಜಾದವರಿಗೆ ಬಿಳಿ ತಟ್ಟೆಯಲ್ಲಿ ಅನ್ನ ಕಾಣುವುದಿಲ್ಲ. ಗಾಢ ಬಣ್ಣದ ತಟ್ಟೆ ಕೊಡಿ.

ಪಾರ್ಶ್ವವಾಯು ಆದವರು ಅಂಗಿ ಅಥವಾ ರವಿಕೆ ತೊಡುವಾಗ ಬಲಹೀನ ಕೈಯನ್ನು ಮೊದಲು ತೂರಿಸಬೇಕು, ಕಳಚುವಾಗ ಗಟ್ಟಿ ಕೈಯನ್ನು ಮೊದಲು ಬಿಡಿಸಿಕೊಳ್ಳಬೇಕು. ರವಿಕೆಯ ಹುಕ್ಕುಗಳ ಜಾಗದಲ್ಲಿ ವೆಲ್ಕ್ರೋ ಹೊಲಿಸಿದರೆ ಒಂದೇ ಕೈ ಸಾಕು. ಊರುಗೋಲನ್ನು ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಹಳ ಮಂದಿ ಹಿಡಿಯುವುದು ಅದೇ ಬದಿಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಅದರ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಮರೆವು ಇದ್ದರೆ

ಇಲ್ಲಿ ಕೆಲಸ ಕಸಿಯುವ ಆಸೆ ಇನ್ನೂ ಹೆಚ್ಚು. ಗ್ಯಾಸಿನ ವಿಷಯದಲ್ಲಿ ಅದು ಸರಿ: ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿಯೇ ಹೊರಡಿ. ಆದರೆ ಅವರೆಕಾಯಿ ಬಿಡಿಸುವುದು, ಹೂ ಕಟ್ಟುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು ಕೈಗೆ ಎಷ್ಟೋ ವರ್ಷಗಳಿಂದ ರೂಢಿಯಾದ ಕೆಲಸಗಳು, ಹೆಸರುಗಳು ಮರೆತ ಮೇಲೂ ಉಳಿದಿರಬಹುದು. ಒಂದು ಸಲಕ್ಕೆ ಒಂದೇ ಹಂತ ಹೇಳಿ, ದಿನಾ ಅದೇ ಹೊತ್ತಿಗೆ ಮುಂದಿಡಿ. ಮಾಲೆ ಸೊಟ್ಟಗಾದರೆ ತಿದ್ದಲು ಹೋಗಬೇಡಿ. ಶೌಚಾಲಯದ ಬಾಗಿಲಿಗೆ ದೊಡ್ಡ ಚಿತ್ರ ಅಂಟಿಸಿ.

ಥೆರಪಿಸ್ಟ್ ಎಲ್ಲಿ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಣಿಪಾಲದಲ್ಲೂ ಈ ಸೇವೆ ಇದೆ. ಬೇರೆಡೆ ಇರುವವರು ದೊಡ್ಡ ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ವಿಚಾರಿಸಬೇಕು. ಬಡತನ ರೇಖೆಗಿಂತ ಕೆಳಗಿರುವ 60 ದಾಟಿದವರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಸಾಧನ ಮುಂತಾದವನ್ನು ಉಚಿತವಾಗಿ ಕೊಡುವ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಆರಂಭವಾಯಿತು. ಯೋಜನೆಗಳ ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಥೆರಪಿಸ್ಟ್ ಮನೆಗೆ ಬರಲಾಗದಿದ್ದರೆ, ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯನ್ನೂ ಹಿರಿಯರು ಕುರ್ಚಿಯಿಂದ ಏಳುವುದನ್ನೂ ಅವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಮಂಚ, ಕುರ್ಚಿ, ಕಮೋಡುಗಳ ಎತ್ತರವನ್ನೂ ಬಾಗಿಲಿನ ಅಗಲವನ್ನೂ ಅಳೆದು ಬರೆದುಕೊಂಡು ಹೋಗಿ, ಹತ್ತಕ್ಕೆ ಅಂಕ ಹಾಕಿಸಿದ ಪಟ್ಟಿಯೂ ಜೊತೆಗಿರಲಿ.